ಹದಿಮೂರನೆಯ ಹುಣ್ಣಿಮೆ

ಚಾಮರಾಜಪೇಟೆಯ ಆ ಬೀದಿಯಲ್ಲಿ ಹುಣ್ಣಿಮೆ ಯಾವತ್ತು ಎಂದು ತೀರ್ಮಾನಿಸುತ್ತಿದ್ದುದು ಆಕಾಶದ ಚಂದ್ರನಲ್ಲ, ಅಲಮೇಲು ಟೀಚರ್. ಮೂವತ್ತು ವರ್ಷದಿಂದ ಹಾಗೇ ನಡೆದುಬಂದಿತ್ತು. ಎರಡು ಪಂಚಾಂಗ ಎರಡು ದಿನ ಹೇಳಿದಾಗ, ತಿಥಿ ಮಧ್ಯಾಹ್ನ ಶುರುವಾಗಿ ಮರುದಿನ ಮಧ್ಯಾಹ್ನ ಮುಗಿದಾಗ, ಬೀದಿಯ ಹೆಂಗಸರು ಇವರ ಗೇಟಿಗೆ ಬಂದು ಉಪವಾಸ ಇವತ್ತೋ ನಾಳೆಯೋ ಎಂದು ಕೇಳಿಕೊಂಡು ಹೋಗುತ್ತಿದ್ದರು. ಟೀಚರ್ ಹೇಳಿದ ಮೇಲೆ ಮುಗಿಯಿತು, ಇನ್ನೊಬ್ಬರನ್ನು ಕೇಳುವ ಮಾತೇ ಇಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಲೆಕ್ಕ ತಪ್ಪುವುದು ಬೇರೆಯವರ ಕೆಲಸ ಎಂದು ಅವರು ಮನಸಾರೆ ನಂಬಿದ್ದರು.

ಬೇರೆಯವರ ಉಪವಾಸದ ವಿಷಯಕ್ಕೆ ಬಂದರೆ ಅವರ ನಾಲಿಗೆಗೆ ಲಗಾಮೇ ಇರಲಿಲ್ಲ. ಮೂಲೆ ಮನೆಯ ಸುಪ್ರಜಾ ಬೆಳಗ್ಗೆ 'ಪೌರ್ಣಮಿ ಉಪವಾಸ' ಎಂದು ವಾಟ್ಸಾಪಿನಲ್ಲಿ ಸ್ಟೇಟಸ್ ಹಾಕಿ, ಸಂಜೆ ವಿ.ವಿ. ಪುರದ ತಿಂಡಿ ಬೀದಿಯಲ್ಲಿ ಬಿಸಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದುದನ್ನು ಟೀಚರ್ ಕಣ್ಣಾರೆ ಕಂಡಿದ್ದರು. ಕಂಡದ್ದನ್ನು ಹನ್ನೊಂದು ಮನೆಗೆ ಹೇಳಿಯೂ ಇದ್ದರು. ಇನ್ನು ಅವರದೇ ಉಪವಾಸ ಹೇಗೆ ಎಂದರೆ, ಅನ್ನ ಮುಟ್ಟುವಂತಿಲ್ಲ. ಆದ್ದರಿಂದ ಬೆಳಗ್ಗೆ ಅವಲಕ್ಕಿ, ಮಧ್ಯಾಹ್ನ ಸಬ್ಬಕ್ಕಿ ಉಪ್ಪಿಟ್ಟು, ನಾಲ್ಕು ಗಂಟೆಗೆ ಬಾದಾಮಿ ಹಾಲು, ಚಂದ್ರನಿಗೆ ಕೈಮುಗಿದ ಮೇಲೆ ಗೋಧಿ ದೋಸೆ, ಅದರ ಜೊತೆಗೆ ಕಾಯಿಚಟ್ನಿ. ಅವಲಕ್ಕಿ ಯಾವುದರಿಂದ ಆಗುತ್ತದೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಉಪವಾಸದ ಮರುದಿನ ಬೆಳಗ್ಗೆ ಅವರ ಗಂಡ ಶೀನಣ್ಣ ಯಾರೂ ಹೇಳದೆಯೇ ಓಮದ ಕಷಾಯ ಕಾಯಿಸಿಡುತ್ತಿದ್ದರು.

ಇಂಥ ಟೀಚರ್‌ಗೆ ಮೂರು ವರ್ಷದಿಂದ ಕಣ್ಣಿಗೆ ಬಿದ್ದ ಕಸವೆಂದರೆ ಎದುರುಮನೆಯ ವಿಶಾಲಮ್ಮ. ಶ್ರೀರಾಂಪುರದಿಂದ ಬಂದವರು. ಗಂಡ ಮುನಿಸ್ವಾಮಿಯದು ಸೈಟು ಮಾರುವ ವ್ಯವಹಾರ. ಹಳೆಯ ಹೆಂಚಿನ ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸಿದ್ದರಿಂದ ಟೀಚರ್ ಮನೆಯ ತಾರಸಿಗೆ ಚಂದ್ರ ಕಾಣುವುದೇ ನಿಂತುಹೋಗಿತ್ತು. ಬೀದಿಗೆ ಹುಣ್ಣಿಮೆ ಹೇಳುವವರು, ತಮ್ಮ ಹುಣ್ಣಿಮೆಯ ಚಂದ್ರನನ್ನು ನೋಡಲು ತಟ್ಟೆ ಲೋಟ ಹಿಡಿದುಕೊಂಡು ತರಕಾರಿ ಗಾಡಿಯ ಪಕ್ಕ ನಿಲ್ಲಬೇಕಾಗಿತ್ತು.

ಹೋದ ವರ್ಷ ಮುನಿಸ್ವಾಮಿಗೆ ಬೈಪಾಸ್ ಆಯಿತು. ಗಂಡ ಎದ್ದು ಓಡಾಡುವಂತಾದರೆ ಹನ್ನೆರಡು ಹುಣ್ಣಿಮೆ ಉಪವಾಸವಿದ್ದು ಸತ್ಯನಾರಾಯಣ ಪೂಜೆ ಮಾಡುತ್ತೇನೆ ಎಂದು ವಿಶಾಲಮ್ಮ ಹರಕೆ ಹೊತ್ತರು. ಆಷಾಢದ ಹುಣ್ಣಿಮೆಗೆ ಶುರು ಮಾಡುವ ಮುಂಚೆ ಒಂದು ದಿನ ನೋಟ್‌ಬುಕ್ಕು ಹಿಡಿದು ಟೀಚರ್ ಗೇಟಿಗೂ ಬಂದಿದ್ದರು. ಟೀಚರ್ ಜಗುಲಿಯಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಒಳಗೆ ಕರೆಯಲಿಲ್ಲ. ಕತ್ತು ಕೂಡ ಎತ್ತದೆ ಎರಡು ಮಾತು ಹೇಳಿ ಸಾಗಹಾಕಿದರು, ಮತ್ತು ಅದನ್ನು ಮರೆತೇಬಿಟ್ಟರು.

ಆಮೇಲೆ ಶುರುವಾಯಿತು ಟೀಚರ್‌ಗೆ ಹೊಟ್ಟೆಯುರಿ. ವಿಶಾಲಮ್ಮನ ಉಪವಾಸವೆಂದರೆ ನೀರೂ ಇಲ್ಲ. ಭಾದ್ರಪದದ ಹುಣ್ಣಿಮೆಗೆ ಗ್ರಹಣ ಬಂದಾಗ, ಗ್ರಹಣ ಬಿಟ್ಟು ಸ್ನಾನವಾಗುವವರೆಗೂ ಆಕೆ ಬಾಯಿಗೆ ಒಂದು ಹನಿ ಹಾಕಲಿಲ್ಲವಂತೆ. 'ಶೋ' ಎಂದರು ಟೀಚರ್. ಆದರೆ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಆ ಮನೆಯ ಪೂಜೆಗೆ ಹೋಗತೊಡಗಿದರು. ಶ್ರಾವಣದ ನೂಲ ಹುಣ್ಣಿಮೆಗೆ ಟೀಚರ್ ಮನೆಯ ಪೂಜೆಗೆ ಹದಿನಾರು ಜನ ಬಂದಿದ್ದರು, ಪುಷ್ಯದ ಬನದ ಹುಣ್ಣಿಮೆಗೆ ನಾಲ್ಕು. ಅದರಲ್ಲಿ ಇಬ್ಬರು ಟೀಚರ್ ಮನೆಯಲ್ಲೇ ಬಾಡಿಗೆಗಿದ್ದವರು, ಬರದೆ ವಿಧಿಯಿರಲಿಲ್ಲ.

ಮೇ ತಿಂಗಳ ಕೊನೆಯ ವಾರ ವಿಶಾಲಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದು ಮಗಳು ವಾಣಿಯ ಜೊತೆ ಕರೆಯಲು ಬಂದರು. ಸುಲ್ತಾನ್‌ಪೇಟೆಯಲ್ಲಿ ಮಾಡಿಸಿದ ಕಾರ್ಡು, ಮದುವೆಯ ಕಾರ್ಡಿನಷ್ಟು ದಪ್ಪ, ಮೂರು ಮಡಿಕೆ, ಮೇಲೆ ಚಿನ್ನದ ಬಣ್ಣದ ಶಂಖ.

"ಟೀಚರಮ್ಮ, ಭಾನುವಾರ ಉದ್ಯಾಪನೆ. ಅವತ್ತಿಗೆ ಹನ್ನೆರಡೂ ಆಯ್ತು, ದೇವ್ರು ನಡೆಸ್ಕೊಟ್ಟ. ನೀವು ಬರ್ಲೇಬೇಕು, ನೀವಿಲ್ದೆ ಆಗಲ್ಲ" ಎಂದರು ವಿಶಾಲಮ್ಮ.

ಟೀಚರ್ ಕಾರ್ಡಿನ ಮೇಲ್ಭಾಗ ಓದಿದರು. ಜ್ಯೇಷ್ಠ ಶುದ್ಧ ಹುಣ್ಣಿಮೆ, ಮೇ ಮೂವತ್ತೊಂದು. ಅವರ ಎದೆಯಲ್ಲಿ ಗಂಟೆ ಬಾರಿಸಿದಂತಾಯಿತು. ಈ ವರ್ಷ ಜ್ಯೇಷ್ಠ ಎರಡು! ಮೊದಲನೆಯದು ಅಧಿಕ ಮಾಸ. ಅಧಿಕದಲ್ಲಿ ಪೂಜೆ ಮಾಡಬಹುದು, ದಾನ ಕೊಡಬಹುದು. ಆದರೆ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ವ್ರತ ಹಿಡಿಯುವಂತಿಲ್ಲ, ಹಿಡಿದ ವ್ರತವನ್ನು ಉದ್ಯಾಪನೆ ಮಾಡಿ ಮುಗಿಸುವಂತೆಯೂ ಇಲ್ಲ. ಇಂಥ ವರ್ಷದಲ್ಲಿ ಹನ್ನೆರಡು ತಿಂಗಳ ವ್ರತಕ್ಕೆ ಹದಿಮೂರು ಹುಣ್ಣಿಮೆ ಉಪವಾಸವಿರಬೇಕು. ಇದು ಬೀದಿಯ ಯಾವ ಮುದುಕಿಗಾದರೂ ಗೊತ್ತಿರುವ ಸಂಗತಿ.

"ಬರ್ತೀನಿ ವಿಶಾಲಮ್ಮ. ಖಂಡಿತ ಬರ್ತೀನಿ" ಎಂದರು ಟೀಚರ್, ಬಾಯಿತುಂಬ. ಮೂರು ವರ್ಷದಲ್ಲಿ ಮೊದಲ ಸಲ ಗೇಟಿನವರೆಗೆ ಬಂದು ಕಳಿಸಿಕೊಟ್ಟರು.

ಆಮೇಲೆ ಕಾರ್ಡನ್ನು ಫ್ರಿಜ್ಜಿನ ಮೇಲೆ ಎಸೆದು ನಗಲು ಕೂತರು. ಶೀನಣ್ಣ ಪೇಪರು ಮಡಿಸಿಟ್ಟು ವಿಷಯ ಕೇಳಿದರು. ಪೂರ್ತಿ ಕೇಳಿ, "ಇನ್ನೂ ನಾಲ್ಕು ದಿನ ಇದೆ ಕಣೇ, ಹೋಗಿ ಹೇಳ್ಬಿಡು" ಎಂದರು.

"ನಾನ್ಯಾಕ್ರೀ ಹೇಳ್ಲಿ? ನನ್ನ ಕೇಳಿ ಇಟ್ಕೊಂಡ್ರಾ? ಮೊಬೈಲಲ್ಲಿ ಪಂಚಾಂಗ ನೋಡೋರಿಗೆ ಹೀಗೇ ಆಗ್ಬೇಕು."

ಶೀನಣ್ಣ ಎದ್ದು ಹೋಗಿ ಕಾರ್ಡು ತೆಗೆದು, ಕನ್ನಡಕ ಹಾಕಿಕೊಂಡು ಮಡಿಕೆ ಬಿಚ್ಚಿ ನೋಡಿದರು. "ಅಲಮೇಲು, ಇದನ್ನ ಪೂರ್ತಿ ಓದಿದ್ಯಾ?"

"ಓದೋಕೇನಿದೆ ಅದ್ರಲ್ಲಿ? ಅಳಿಯ, ಮಗಳು, ನೆಂಟರಿಷ್ಟರು. ಅಲ್ಲೇ ಇಡಿ."

ಶೀನಣ್ಣ ಅಲ್ಲೇ ಇಟ್ಟರು. ನಲವತ್ತು ವರ್ಷ ಸಂಸಾರ ಮಾಡಿದವರಿಗೆ ಯಾವ ಮಾತು ಎಷ್ಟು ಸಲ ಹೇಳಬೇಕು ಎಂಬುದು ಗೊತ್ತಿರುತ್ತದೆ.

ಟೀಚರ್ ಆಗಲೇ ಸುಪ್ರಜಾಗೆ ಫೋನು ಹಚ್ಚಿದ್ದರು. "ಯಾರ್ಗೂ ಹೇಳ್ಬೇಡ ಕಣಮ್ಮ" ಎಂದು ಶುರು ಮಾಡಿದ ಮಾತು ಸಂಜೆಯೊಳಗೆ ಬೀದಿಯ ಎರಡೂ ಬದಿ ಮುಟ್ಟಿತು. ಮುಟ್ಟಬೇಕಾದ ಒಂದು ಮನೆಗೆ ಮಾತ್ರ ಮುಟ್ಟಲಿಲ್ಲ. ಒಬ್ಬರಾದರೂ ರಸ್ತೆ ದಾಟಿ ಆ ಹೆಂಗಸಿಗೆ ಒಂದು ಮಾತು ಹೇಳಬಹುದಿತ್ತು. ತಿಂಗಳು ತಿಂಗಳು ಆಕೆಯ ಮನೆಯ ಪ್ರಸಾದ ತಿಂದ ಬಾಯಿಗಳೇ ಅವೆಲ್ಲ. ಆದರೆ ಪುಕ್ಕಟೆ ತಮಾಷೆಯನ್ನು ಯಾರು ಹಾಳುಮಾಡಿಕೊಳ್ಳುತ್ತಾರೆ? ಭಾನುವಾರ ಎಲ್ಲರೂ ರೇಷ್ಮೆ ಸೀರೆ ಉಟ್ಟು ಹೊತ್ತಿಗೆ ಮುಂಚೆಯೇ ಬಂದರು.

ವಿಶಾಲಮ್ಮನ ತಾರಸಿಯಲ್ಲಿ ಶಾಮಿಯಾನ ಹಾಕಿತ್ತು. ಮಂಟಪಕ್ಕೆ ಬಾಳೆಕಂದು, ಮಾವಿನ ಸೊಪ್ಪು, ಮಧ್ಯೆ ಕಲಶ. ಮುನಿಸ್ವಾಮಿ ಪಂಚೆ ಉಟ್ಟು ಮಣೆಯ ಮೇಲೆ ಕೂತಿದ್ದರು, ಪಕ್ಕದಲ್ಲಿ ವಿಶಾಲಮ್ಮ. ಹಿಂದಿನ ದಿನದಿಂದ ಏನೂ ಮುಟ್ಟದ ಆಕೆಯ ತುಟಿ ಒಣಗಿ ಬೆಳ್ಳಗಾಗಿತ್ತು. ಟೀಚರ್ ಅದನ್ನು ನೋಡಿದರು, ಮತ್ತು ನಾಚಿಕೆಯಾಗಬೇಕಾದ ಕಡೆ ಅವರಿಗೆ ಸಡಗರವೇ ಆಯಿತು. ಮುಂದಿನ ಸಾಲಿನಲ್ಲಿ ಕೂತು ಅವರು ಒಂದೇ ಒಂದು ಗಳಿಗೆಗಾಗಿ ಕಾಯುತ್ತಿದ್ದರು. ಪುರೋಹಿತರು ಸಂಕಲ್ಪ ಹೇಳುವಾಗ ಮಾಸದ ಹೆಸರು ಹೇಳಲೇಬೇಕಲ್ಲ!

ಪುರೋಹಿತ ರಾಘವ ಸಂವತ್ಸರ, ಅಯನ, ಋತು ಎಲ್ಲವನ್ನೂ ಗಟ್ಟಿಯಾಗಿ ಹೇಳಿದ. ಮಾಸಕ್ಕೆ ಬಂದಾಗ ದನಿ ತಗ್ಗಿಸಿ, ಕೆಮ್ಮಿದಂತೆ, "ಅಧಿಕ ಜ್ಯೇಷ್ಠ ಮಾಸೇ" ಎಂದ.

"ರಾಘವ, ಒಂದ್ನಿಮಿಷ" ಎಂದು ಟೀಚರ್ ಎದ್ದು ನಿಂತರು. "ಯಾವ ಮಾಸ ಅಂದೆ? ನಮಗೆ ಕೇಳಿಸ್ಲಿಲ್ಲ, ಸ್ವಲ್ಪ ಗಟ್ಟಿಯಾಗಿ ಹೇಳಪ್ಪ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ರಾಘವನ ಮುಖ ಬಾಡಿತು. "ಅಧಿಕ ಜ್ಯೇಷ್ಠ, ಅಮ್ಮ" ಎಂದು ವಿಶಾಲಮ್ಮನ ಕಡೆ ನೋಡಿದ.

"ಅಧಿಕದಲ್ಲಿ ಉದ್ಯಾಪನೆ ಮಾಡಿಸ್ತಿದೀಯಾ? ಯಾವ ಶಾಸ್ತ್ರ ಇದು?"

"ಭಟ್ರನ್ನ ಏನೂ ಅನ್ಬೇಡಿ ಟೀಚರಮ್ಮ" ಎಂದರು ವಿಶಾಲಮ್ಮ ತಲೆ ತಗ್ಗಿಸಿ. "ಅವ್ರು ಮೊದ್ಲೇ ಹೇಳಿದ್ರು. ನಾನೇ ಹಟ ಹಿಡ್ದು ಕೂತೆ. ನಂದೇ ತಪ್ಪು."

ಅಲ್ಲಿಗೆ ಬಿಟ್ಟಿದ್ದರೆ ಅಲಮೇಲು ಟೀಚರ್ ಗೆದ್ದು ಮನೆಗೆ ಹೋಗುತ್ತಿದ್ದರು. ಆದರೆ ಕ್ಲಾಸಿನಲ್ಲಿ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಮೇಲೆ ಇನ್ನೂ ಹತ್ತು ನಿಮಿಷ ಬೈಯುವುದು ಅವರ ಹಳೆಯ ಚಾಳಿ.

"ಅಲ್ಲ ವಿಶಾಲಮ್ಮ, ವರ್ಷಪೂರ್ತಿ ಹೊಟ್ಟೆ ಕಟ್ಟಿದೀರಿ, ಒಂದು ದಿನ ಕೇಳೋಕಾಗ್ಲಿಲ್ವಾ? ಗೊತ್ತಿಲ್ದಿದ್ರೆ ಗೊತ್ತಿರೋರನ್ನ ಕೇಳ್ಬೇಕು. ಈ ತಾರೀಕು ನಿಮಗೆ ಹೇಳ್ಕೊಟ್ಟ ಪುಣ್ಯಾತ್ಮರು ಯಾರು?"

"ಬಿಡಿ ಟೀಚರಮ್ಮ, ಈಗ್ಯಾಕೆ ಅದು."

"ಯಾಕೆ ಬಿಡ್ಲಿ? ಹೇಳಿ. ಪಂಚಾಂಗದ ಗಂಧಗಾಳಿ ಇಲ್ದೋರ ಮಾತು ಕೇಳಿ ಇನ್ನೊಂದು ಮನೆ ವ್ರತ ಕೆಡೋದು ಬೇಡ. ಯಾರು ಅಂತ ಎಲ್ಲರಿಗೂ ಗೊತ್ತಾಗ್ಲಿ."

ವಿಶಾಲಮ್ಮ ಸೆರಗಿನ ತುದಿ ಹಿಡಿದು ಕಲಶದ ಕಡೆ ತಿರುಗಿದರು. ಮಗಳು ವಾಣಿ ಬಾಯಿ ತೆರೆದಳು, ತಾಯಿ ಕಣ್ಣಿನಲ್ಲೇ ಗದರಿ ಮುಚ್ಚಿಸಿದರು. ಇಷ್ಟರಲ್ಲಿ ಸುಪ್ರಜಾ, ಸೆಕೆಗೆ ಕಾರ್ಡಿನಲ್ಲೇ ಗಾಳಿ ಬೀಸಿಕೊಳ್ಳುತ್ತಿದ್ದವಳು, ಥಟ್ಟನೆ ಕೈ ನಿಲ್ಲಿಸಿದಳು. ಕಾರ್ಡಿನ ಒಳಮಡಿಕೆ ಬಿಚ್ಚಿಕೊಂಡಿತ್ತು.

"ಅಲಮೇಲು ಆಂಟಿ, ಇಲ್ಲಿ ನಿಮ್ ಹೆಸ್ರಿದೆ" ಎಂದು ಕೂಗಿದಳು. ಹೋಳಿಗೆಯ ಸೇಡು ಹೀಗೆ ತೀರುತ್ತದೆ ಎಂದು ಅವಳೂ ಎಣಿಸಿರಲಿಲ್ಲ. ಗಂಟಲು ಸರಿಮಾಡಿಕೊಂಡು, ಒಂದಕ್ಷರ ಬಿಡದೆ ಓದಿದಳು: "ವ್ರತ ಆರಂಭಿಸುವ ಹಾಗೂ ಮುಗಿಸುವ ದಿನಗಳನ್ನು ಗೊತ್ತುಮಾಡಿ ಆಶೀರ್ವದಿಸಿದ, ನಮ್ಮ ಬೀದಿಯ ಹಿರಿಯರಾದ ಶ್ರೀಮತಿ ಅಲಮೇಲು ಟೀಚರ್ ಅವರಿಗೆ ಮೊದಲ ಪ್ರಸಾದ ಸಲ್ಲುತ್ತದೆ."

ಟೀಚರ್‌ಗೆ ಮೊದಲು ಸಿಟ್ಟು ಬಂತು. ಸುಳ್ಳು ಎನ್ನಲು ಬಾಯಿ ತೆಗೆದರು. ಅಷ್ಟರಲ್ಲಿ ಆ ಹುರುಳಿಕಾಯಿ ನೆನಪಾಯಿತು. ಜಗುಲಿ, ನಾರು, ಗೇಟಿನ ಆಚೆ ನಿಂತ ಹೆಂಗಸು, ತಾವು ಕತ್ತೆತ್ತದೆ ಹೇಳಿದ ಮಾತು. 'ಆಷಾಢದಿಂದ ಜ್ಯೇಷ್ಠಕ್ಕೆ ಹನ್ನೆರಡು. ಈ ಸಲ ಜ್ಯೇಷ್ಠದ ಹುಣ್ಣಿಮೆ ಜೂನ್ ಹನ್ನೊಂದಕ್ಕಿತ್ತು, ವರ್ಷಕ್ಕೆ ಹನ್ನೊಂದು ದಿನ ಹಿಂದೆ ಬರುತ್ತೆ, ಮೇ ಮೂವತ್ತೊಂದಕ್ಕೆ ಮುಗಿಯುತ್ತೆ, ಹೋಗಿ.' ಬಾಯಿಲೆಕ್ಕ. ಎಷ್ಟು ಚೊಕ್ಕವಾದ ಲೆಕ್ಕ! ಮೂರು ವರ್ಷದ ಹಿಂದೆ ಅಧಿಕ ಶ್ರಾವಣ ಬಂದಿತ್ತು, ಇನ್ನೊಂದು ಅಧಿಕ ಬರುವ ಹೊತ್ತಾಯಿತು ಎಂದು ಅವರಿಗೆ ಹೊಳೆಯಲೇ ಇಲ್ಲ. ಹೊಳೆಯಬೇಕಾದರೆ ಗೇಟಿನಲ್ಲಿ ನಿಂತವರನ್ನು ಮನುಷ್ಯರೆಂದು ತಿಳಿದು ಎರಡು ನಿಮಿಷ ಯೋಚಿಸಬೇಕಾಗಿತ್ತು.

"ಹೊಸ ಪಂಚಾಂಗ ಬಂದ್ಮೇಲೆ ನಾನು ವಿಶಾಲಮ್ಮೋರಿಗೆ ಹೇಳ್ದೆ ಅಮ್ಮ" ಎಂದ ರಾಘವ, ಟೀಚರ್ ಮುಖ ನೋಡದೆ. "ಟೀಚರಮ್ಮ ಹೇಳಿದ್ಮೇಲೆ ಮುಗೀತು, ಇನ್ನೊಬ್ರನ್ನ ಕೇಳೋ ಮಾತೇ ಇಲ್ಲ ಅಂದ್ಬಿಟ್ರು."

ತಾರಸಿಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಟೀಚರ್ ಹಿಂದಕ್ಕೆ ಕೈ ಚಾಚಿ ಕುರ್ಚಿ ತಡಕಿ ಕೂತರು.

ವಿಶಾಲಮ್ಮ ಮಣೆಯ ಮೇಲಿಂದಲೇ ಹೇಳಿದರು: "ಆಯ್ತು ಭಟ್ರೇ, ಇವತ್ತು ಬರೀ ಪೂಜೆ ಮಾಡಿ. ಉದ್ಯಾಪನೆ ಮುಂದಿನ ಹುಣ್ಣಿಮೆಗೆ ಇಟ್ಕೊಳಾಣ. ಹನ್ನೆರಡು ಇದ್ದೋಳಿಗೆ ಇನ್ನೊಂದು ಭಾರನಾ?"

ಪೂಜೆ ನಡೆಯಿತು, ಕಥೆ ನಡೆಯಿತು. ಪ್ರಸಾದ ತಾತ್ಸಾರ ಮಾಡಿದವರ ಹಡಗು ಮುಳುಗಿದ ಅಧ್ಯಾಯವನ್ನು ರಾಘವ ಯಾಕೋ ಎಂದಿಗಿಂತ ನಿಧಾನವಾಗಿ ಓದಿದ. ಮಂಗಳಾರತಿ ಆದ ಮೇಲೆ ವಿಶಾಲಮ್ಮ ಮೊದಲ ದೊನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ಟೀಚರ್ ಮುಂದೆ ಬಂದು ನಿಂತರು. ತುಪ್ಪ ಸುರಿಯುವ ಸಪಾದ, ರವೆ ಸಕ್ಕರೆ ಬಾಳೆಹಣ್ಣಿನ ಪ್ರಸಾದ. ಬೇಡ ಎನ್ನುವಂತಿಲ್ಲ, ಕಥೆ ಈಗಷ್ಟೇ ಮುಗಿದಿದೆ. ಇಡೀ ಬೀದಿ ನೋಡುತ್ತಿರುವಾಗ ಅಲಮೇಲು ಟೀಚರ್ ಒಂದು ತುತ್ತು ಬಾಯಿಗಿಟ್ಟುಕೊಂಡರು. ಅಷ್ಟು ಕಷ್ಟದ ತುತ್ತನ್ನು ಅವರು ಜೀವಮಾನದಲ್ಲಿ ನುಂಗಿರಲಿಲ್ಲ.

ವಿಶಾಲಮ್ಮನ ಮುಖದಲ್ಲಿ ಕೊಂಕಿರಲಿಲ್ಲ. ಅದೇ ಟೀಚರ್‌ಗೆ ತಡೆಯಲಾಗದೆ ಹೋದದ್ದು. ಆಕೆ ಸೊಂಟದಿಂದ ಹಳೆಯ ನೋಟ್‌ಬುಕ್ಕು ತೆಗೆದು, "ಮುಂದಿನ ಹುಣ್ಣಿಮೆ ಯಾವತ್ತು ಟೀಚರಮ್ಮ? ನೀವೇ ಹೇಳ್ಬಿಡಿ" ಎಂದರು.

ಟೀಚರ್ ಮನಸ್ಸಿನಲ್ಲೇ ಒಮ್ಮೆ ಲೆಕ್ಕ ಹಾಕಿದರು. ಇನ್ನೊಮ್ಮೆ ಹಾಕಿದರು. "ಜೂನ್ ಇಪ್ಪತ್ತೊಂಬತ್ತು. ಸೋಮವಾರ" ಎಂದರು. ದನಿ ಅವರಿಗೇ ಸರಿಯಾಗಿ ಕೇಳಿಸಲಿಲ್ಲ.

ವಿಶಾಲಮ್ಮ ಅದನ್ನು ಬರೆದುಕೊಂಡರು. ಉಳಿದವರೆಲ್ಲ ದೊನ್ನೆ ಕೆಳಗಿಟ್ಟು, ಅಂಟಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮೊಬೈಲ್ ತೆಗೆದು ಪಂಚಾಂಗ ನೋಡತೊಡಗಿದರು. ಟೀಚರ್ ಗಂಡನ ಕಡೆ ತಿರುಗಿದರು. ಶೀನಣ್ಣ ಗಂಡಸರ ಸಾಲಿನಲ್ಲಿ ಕೂತು, ಕನ್ನಡಕ ಹಾಕಿಕೊಂಡು ಜೂನ್ ತಿಂಗಳು ಹುಡುಕುತ್ತಿದ್ದರು.