‘ಗಾಡೀಲಿದ್ದೀನಿ’ ಅಂತ ಹೇಳೋಕೆ ಎತ್ತಿದ ಫೋನು

ಲಾಂಡ್ರಿಯ ಯಜಮಾನಿಗೆ ಅವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೆಳಗ್ಗೆ ಹತ್ತು ಗಂಟೆಗೆ ಅವಳ ಮಾವ ಲಾಂಡ್ರಿಯ ವ್ಯಾನನ್ನು ತಿರುವಿನಲ್ಲಿ ಒಂದು ಸೈಕಲ್ಲಿಗೆ ಗುದ್ದಿಸಿದ್ದರು. ಸೈಕಲ್ಲಿನ ಮೇಲಿದ್ದವನು ಅವರ ಬೀದಿಗೇ ಕಾಗದ ಹಂಚುವ ಅಂಚೆಯವನು. ಕಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಮಾವನ ಲೈಸೆನ್ಸು ಪೊಲೀಸರ ಕೈ ಸೇರಿತ್ತು.

“ನಾನು ಮಾತಾಡ್ತಾ ಇರ್ಲಿಲ್ಲಮ್ಮ,” ಎಂದರು ಮಾವ, ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಮುದುರಿ ಕೂತು. “‘ಗಾಡೀಲಿದ್ದೀನಿ, ಆಮೇಲೆ ಮಾಡಿ’ ಅಂತ ಹೇಳೋಕೆ ಎತ್ತಿದೆ, ಅಷ್ಟೆ.”

“ಆಹಾ! ಗಾಡೀಲಿದ್ದಾಗ ಎತ್ತಬಾರದು ಅಂತ ಗೊತ್ತಿತ್ತು. ಅದನ್ನ ಹೇಳೋಕೇ ಎತ್ತಿದ್ರಾ? ರಸ್ತೆ ಏನು ನಮ್ಮ ಹಿತ್ತಲಾ ಮಾವ?”

ಹತ್ತೊಂಬತ್ತರ ಮಗಳು ಹೋಟೆಲಿನ ಬೆಡ್‌ಶೀಟುಗಳನ್ನು ಮಡಚುತ್ತಾ ನಡುವೆ ಬಾಯಿ ಹಾಕಿದಳು. “ನಾಳೆ ಕೀ ನನಗೆ ಕೊಡಮ್ಮ. ತಾತನಿಗೆ ವಯಸ್ಸಾಯ್ತು. ನಾನು ಮೆಸೇಜ್ ಮಾಡ್ತಾನೇ ಬಸ್ಸನ್ನ ಹಿಂದೆ ಹಾಕ್ತೀನಿ.”

“ನೀನು ಹುಟ್ಟೋಕೆ ಇಪ್ಪತ್ತು ವರ್ಷ ಮುಂಚೆ ಸ್ಟೀರಿಂಗ್ ಹಿಡಿದವನು ಕಣೇ ನಾನು! ಈ ಊರಿನ ದಾರಿ ನನ್ನ ಕೈಗೆ ಬಾಯಿಪಾಠ.”

“ಹಾಗಾದ್ರೆ ಪಾಠದಲ್ಲಿ ಅಂಚೆಯಣ್ಣ ಇರ್ಲಿಲ್ವಾ ತಾತ?”

ಬಾಗಿಲಲ್ಲಿ ಪಕ್ಕದ ಮನೆಯ ನರ್ಸಕ್ಕ ನಿಂತಿದ್ದಳು. ಮೂಳೆ ವಾರ್ಡಿನಿಂದ ನೇರವಾಗಿ ಬಂದವಳ ಮುಖ ಕೆಂಡವಾಗಿತ್ತು.

“ಈಗ ತಾನೇ ಅವನ ಕಾಲಿಗೆ ಪ್ಲಾಸ್ಟರ್ ಹಾಕಿಸಿ ಬಂದೆ. ಆ ನೋವಲ್ಲೂ ‘ಕಾಗದದ ಚೀಲ ಎಲ್ಲಿ ಸಿಸ್ಟರ್’ ಅಂತಾನೆ. ನೀವಿಲ್ಲಿ ಯಾರು ಜಾಣರು ಅಂತ ಪಂದ್ಯ ಕಟ್ತಿದ್ದೀರಿ. ನಾಚಿಕೆ ಆಗ್ಬೇಕು!”

ನರ್ಸಕ್ಕ ಮೊದಲು ಮಗಳ ಕಡೆ ತಿರುಗಿದಳು.

“ನೋಡು ಮರಿ, ನಿನ್ನ ಕಣ್ಣು ಚುರುಕು, ಒಪ್ಪಿದೆ. ಆದರೆ ನಿಂತ ಬಸ್ಸಿನ ಮುಂದಿನಿಂದ ಯಾರಾದ್ರೂ ಓಡಿ ಬರಬಹುದು ಅನ್ನೋ ಅಂದಾಜು ಓಡಿಸಿ ಓಡಿಸಿಯೇ ಬರಬೇಕು. ನಿನಗಿನ್ನೂ ಬಂದಿಲ್ಲ. ರಸ್ತೆ ಬಿಟ್ಟು ಫೋನ್ ನೋಡ್ತಿದ್ರೆ ಬರೋದೂ ಇಲ್ಲ. ಇನ್ನು ಯಜಮಾನ್ರೇ, ಅಂದಾಜು ನಿಮಗಿದೆ. ಆದರೆ ಹತ್ತಿರದ ಫೋನಿಂದ ದೂರದ ರಸ್ತೆಗೆ ಕಣ್ಣು ಹೊಂದಿಕೊಳ್ಳೋಕೆ ಈ ವಯಸ್ಸಲ್ಲಿ ಹೊತ್ತು ಬೇಕು. ಕಾಲು ಬ್ರೇಕಿಗೆ ಹೋಗೋದೂ ತಡ. ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡು ಕಣ್ಣು ತಪ್ಪಿದ್ರೆ ಗಾಡಿ ಮೂವತ್ತು ಮೀಟರಿಗಿಂತ ಹೆಚ್ಚು ದೂರ ಕುರುಡಾಗಿ ಓಡುತ್ತೆ.”

“ಕಿವಿಗೆ ಸಿಕ್ಕಿಸಿಕೊಂಡು ಮಾತಾಡಿದ್ರೆ?” ಮಗಳು ಮೆಲ್ಲಗೆ ಕೇಳಿದಳು.

“ಕೈ ಖಾಲಿ ಆಗುತ್ತೆ. ತಲೆ ಖಾಲಿ ಆಗಲ್ವಲ್ಲ! ತಲೆ ಮಾತಿನ ಹಿಂದೆ ಹೋದ್ಮೇಲೆ ಕಣ್ಣು ತೆರೆದಿದ್ದೂ ಕಾಣಲ್ಲ.”

ಯಜಮಾನಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. “ಕೇಳಿಸ್ತಾ ಇಬ್ಬರಿಗೂ? ಅದಿರ್ಲಿ ಮಾವ, ಆ ಹೊತ್ತಲ್ಲಿ ನಿಮಗೆ ಫೋನ್ ಮಾಡಿದ ಪುಣ್ಯಾತ್ಮರು ಯಾರು? ಅವರನ್ನೂ ಸ್ವಲ್ಪ ವಿಚಾರಿಸಿಕೊಳ್ತೀನಿ.”

ಮಾವ ತಮ್ಮ ಫೋನನ್ನು ಮೇಜಿನ ಮೇಲೆ ಸರಿಸಿದರು. ಮಗಳು ತಾತನ ಫೋನು ಎತ್ತಿಕೊಂಡು ನೋಡಿದಳು, ಅಮ್ಮನ ಮುಖ ನೋಡಿದಳು.

“ನೀನೇ ಅಮ್ಮ. ಒಂದಲ್ಲ, ಮೂರು ಸಲ.”

ದಿನಕ್ಕೆ ಹತ್ತು ಸಲ ‘ಎಲ್ಲಿದ್ದೀರಾ?’ ಎಂದು ಕೇಳುವವಳಿಗೆ ಆ ಮೂರು ಸಲ ಲೆಕ್ಕಕ್ಕೇ ಬಂದಿರಲಿಲ್ಲ. ಈಗ ನೆನಪಾಯಿತು. ಮೂರನೆಯ ಸಲ ಫೋನು ಎತ್ತಿದ ಸದ್ದಾಗಿ ಕಟ್ಟಾಗಿತ್ತು. ‘ಸಿಗ್ನಲ್ ಇಲ್ಲ’ ಎಂದು ಗೊಣಗಿ ಅವಳು ದಿಂಬಿನ ಕವರಿಗೆ ಇಸ್ತ್ರಿ ಹಾಕಿದ್ದಳು. ಅಂಚೆಯವನು ಆಗ ರಸ್ತೆಯ ಮೇಲೆ ಬಿದ್ದಿದ್ದ.

“ಎರಡು ಸಲ ಎತ್ತಲಿಲ್ಲ,” ಎಂದರು ಮಾವ. “ಮೂರನೇದೂ ಎತ್ತದಿದ್ರೆ ನೀನು ಬೈತೀಯಲ್ಲಮ್ಮ.”

ಯಜಮಾನಿ ಇಸ್ತ್ರಿಪೆಟ್ಟಿಗೆ ಆರಿಸಿದಳು. ಬೆಳಗ್ಗಿನಿಂದ ಊರ ಮೇಲೆಲ್ಲ ಹರಿಹಾಯ್ದ ಸಿಟ್ಟು ಹೋಗಲು ಬೇರೆ ಜಾಗವಿಲ್ಲದೆ ತನ್ನ ಮೇಲೆಯೇ ತಿರುಗಿತ್ತು. ಸಂಜೆ ಮೂವರೂ ಆಸ್ಪತ್ರೆಗೆ ಹೋದರು. ಮಾವನಿಗಿಂತ ಮೊದಲು ಅವಳೇ ಅಂಚೆಯವನ ಮುಂದೆ ಬಾಯಿಬಿಟ್ಟಳು: “ಗುದ್ದಿದ್ದರಲ್ಲಿ ನನ್ನ ಪಾಲೂ ಇದೆ ಅಣ್ಣ.”

ಮರುದಿನ ವ್ಯಾನಿನ ಕೀ ಲೈಸೆನ್ಸ್ ಇದ್ದ ಮಗಳ ಕೈಗೆ ಹೋಯಿತು. ಮಗಳು ತನ್ನ ಫೋನಿನ ಸದ್ದು ಆರಿಸಿ, ವ್ಯಾನಿನ ಹಿಂಭಾಗದ ಬಟ್ಟೆಗಂಟಿನೊಳಗೆ ತಾನೇ ತುರುಕಿದಳು. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ವ್ಯಾನಿನ ಸುಳಿವಿಲ್ಲ. ಫೋನ್ ಮಾಡೋಣವೆಂದು ಯಜಮಾನಿಯ ಬೆರಳು ತುರಿಸಿತು. ಅವಳು ತನ್ನ ಫೋನನ್ನು ನರ್ಸಕ್ಕನ ಕೈಗೆ ಕೊಟ್ಟು, “ಕೇಳಿದ್ರೂ ಕೊಡ್ಬೇಡ” ಅಂದಳು.

ಹನ್ನೆರಡಕ್ಕೆ ಮಗಳು ಬಂದಳು. “ಹೋಟೆಲಲ್ಲಿ ಕಾಯಿಸಿದ್ರು. ಗಾಬರಿಯಾದ್ಯಾ ಅಮ್ಮ?”

“ಆದೆ. ಆದ್ರೇನಂತೆ? ನೀನು ಬಂದೆಯಲ್ಲ.”

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ವಯಸ್ಸು ಎಷ್ಟೇ ಇರಲಿ, ಗಾಡಿ ಹತ್ತುವ ಮೊದಲು ಫೋನಿನ ಸದ್ದು ಆರಿಸಿ, ಕೈಗೆಟುಕದ ಕಡೆ ಇಡಿ. ತುರ್ತಿದ್ದರೆ ಗಾಡಿಯನ್ನು ಬದಿಗೆ ನಿಲ್ಲಿಸಿ ಮಾತಾಡಿ. ಮನೆಯಲ್ಲಿ ಕೂತವರಿಗೂ ಹೇಳುತ್ತಿದ್ದೇವೆ: ನಿಮ್ಮವರು ದಾರಿಯಲ್ಲಿದ್ದಾರೆ ಎಂದು ಗೊತ್ತಿದ್ದೂ ಮತ್ತೆ ಮತ್ತೆ ಫೋನ್ ಮಾಡುವುದು ಅಕ್ಕರೆಯಲ್ಲ. ಅವರ ಕಣ್ಣಿಗೆ ನೀವೇ ಕೈ ಅಡ್ಡ ಹಿಡಿದ ಹಾಗೆ. ಕೈ ತೆಗೆಯಿರಿ.