ಸೋಮವಾರದ ಬಣವೆ

ಹೇಮಾವತಿಗೆ ಸೋಮವಾರದ ಮೇಲೆ ಭಾರೀ ನಂಬಿಕೆ. ಭಕ್ತಿಯಿಂದಲ್ಲ ಬಿಡಿ, ಆದೋನಿಯ ಹತ್ತಿ ವ್ಯಾಪಾರಿಯ ಮಗಳಾಗಿ ಹುಟ್ಟಿ, ಹಾವುಗಳ ಬೆನ್ನು ಹತ್ತಿ ಪಿಎಚ್‌ಡಿಗೆ ಸೇರಿದ ಈ ಹುಡುಗಿ ಗುಡಿಯ ಮುಂದೆ ಹಾದುಹೋದರೂ ಕೈ ಮುಗಿಯುವವಳಲ್ಲ. ಆದರೆ ನಂದವರಂ ಸುತ್ತಿನ ರೈತರು ಸೋಮವಾರ ಬಸವಣ್ಣನ ದಿನವೆಂದು ಎತ್ತು ಹೂಡುವುದಿಲ್ಲ, ಬಂಡಿ ಕಟ್ಟುವುದಿಲ್ಲ ಎಂಬುದನ್ನು ಚಿಕ್ಕಂದಿನಿಂದ ನೋಡಿದವಳು. ಅದಕ್ಕೇ ಆ ಸೋಮವಾರ ಬೆಳಿಗ್ಗೆ, ಸೋದರಮಾವ ಮರಿಬಸಪ್ಪನ ಹೊಲದಲ್ಲಿ ಶೇಂಗಾ ಬಳ್ಳಿಯ ಬಣವೆಯ ಕಡೆ ಆಂಟೆನಾ ತಿರುಗಿಸಿದಾಗ ರಿಸೀವರ್ ಜೋರಾಗಿ ಟಿಕ್ ಟಿಕ್ ಎಂದರೂ ಅವಳು ಯಾರಿಗೂ ಹೇಳಲಿಲ್ಲ. ಬಣವೆಯೊಳಗೆ, ಹೊಟ್ಟೆಯಲ್ಲಿ ಅವಳೇ ಹೊಲಿದಿಟ್ಟಿದ್ದ ರೇಡಿಯೋ ಗುಳಿಗೆಯ ಸಮೇತ, ಅವಳ ಕೊಳಕುಮಂಡಲ ಹಾವು ಮಲಗಿತ್ತು. ಬಂಡಿ ಕಟ್ಟದ ದಿನ ಬಣವೆಗೆ ಯಾರು ಕೈ ಹಾಕುತ್ತಾರೆ? ಕತ್ತಲಾದರೆ ಇಲಿ ಹುಡುಕಿಕೊಂಡು ಹಾವು ತಾನೇ ಹೊರಟುಹೋಗುತ್ತದೆ.

ಹೇಳಿದ್ದರೆ ಏನಾಗುತ್ತಿತ್ತೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೊದಮೊದಲು ಹಾವಿದ್ದ ಜಾಗದಲ್ಲಿ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟುತ್ತಿದ್ದಳು, ಜನ ದೂರವಿರಲಿ ಎಂದು. ಜನ ಆ ಬಟ್ಟೆಯನ್ನೇ ಗುರುತಿಟ್ಟುಕೊಂಡು ಬಡಿಗೆ ಹಿಡಿದು ಬಂದು ಅವಳ ಹಾವುಗಳನ್ನು ಒಂದೊಂದಾಗಿ ಜಜ್ಜಿ ಹಾಕಿದರು. ಕೊನೆಗೆ ಉಳಿದದ್ದು ಇದೊಂದೇ. ಇದು ಎಳೆಯದಿದ್ದಾಗ, ಓತಿಕ್ಯಾತಗಳನ್ನು ತಿಂದುಕೊಂಡಿದ್ದಾಗ, ಒಮ್ಮೆ ಹಿಡಿದು ವಿಷ ತೆಗೆದಿಟ್ಟಿದ್ದಳು. ಈಗ ಬಲಿತು ಇಲಿ ನುಂಗುತ್ತಿದೆ; ಇದೇ ಹಾವಿನ ವಿಷ ಇನ್ನೊಮ್ಮೆ ಬೇಕು. ಆಹಾರ ಬದಲಾದಂತೆ ವಿಷ ಹೇಗೆ ಬದಲಾಗುತ್ತದೆ, ಬೇರೆ ಸೀಮೆಯ ಹಾವುಗಳ ವಿಷದಿಂದ ಮಾಡಿದ ಔಷಧಿ ಇಲ್ಲಿ ಕೆಲವರಿಗೆ ಯಾಕೆ ನಾಟುವುದಿಲ್ಲ ಎಂಬ ಅವಳ ಪ್ರಶ್ನೆಯೆಲ್ಲ ಆ ಒಂದು ಜೀವದ ಮೇಲೆ ನಿಂತಿತ್ತು. ಅದಕ್ಕೇ ಬಟ್ಟೆ ಕಟ್ಟುವುದನ್ನು ಬಿಟ್ಟಿದ್ದಳು.

ಎಲ್ಲಾ ಸರಿ, ಆದರೆ ಟ್ರ್ಯಾಕ್ಟರಿಗೆ ಬಸವಣ್ಣನ ಹಂಗೆಲ್ಲಿ? ಇಷ್ಟು ಓದಿದವಳಿಗೆ ಅದೊಂದು ಹೊಳೆಯಲೇ ಇಲ್ಲ ನೋಡಿ. ಮಧ್ಯಾಹ್ನ ಮೋಡ ಕಟ್ಟಿತು. ಮಳೆ ಬಿದ್ದರೆ ಮೇವು ಕೊಳೆಯುತ್ತದೆಂದು, ಮರಿಬಸಪ್ಪನ ಟ್ರ್ಯಾಕ್ಟರ್ ಓಡಿಸುವ ಆಂಜನೇಯ ಯಾರನ್ನೂ ಕೇಳದೆ ಟ್ರೈಲರ್ ಸಿಕ್ಕಿಸಿಕೊಂಡು, ಹೆಂಡತಿ ಜಯಕ್ಕನನ್ನು ಕೂರಿಸಿಕೊಂಡು ಹೊಲಕ್ಕೆ ಬಂದ. ಆಚೆ ಬದುವಿನ ಬೇವಿನ ಕೆಳಗೆ ಜೀಪಿನಲ್ಲಿ ಊಟಕ್ಕೆ ಕೂತಿದ್ದ ಹೇಮಾವತಿ ಡಬ್ಬಿ ಬಿಸಾಕಿ ಓಡಿದಳು.

"ಬ್ಯಾಡ್ರೀ! ಬಣವಿ ಮುಟ್ಟಬ್ಯಾಡ್ರೀ!"

ಎಂಜಿನ್ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಜಯಕ್ಕ ಬಳ್ಳಿಯ ಹೊರೆಯನ್ನು ಎರಡೂ ತೋಳಲ್ಲಿ ಅಪ್ಪಿ ಎತ್ತಿಯಾಗಿತ್ತು. ಕುಕ್ಕರ್ ಸೀಟಿ ಹೊಡೆದಂತೆ ಬುಸ್ಸೆಂಬ ಸದ್ದು, ಅದರ ಹಿಂದೆಯೇ ಅವಳ ಚೀರಾಟ. ಹಾವು ಅವಳ ಮೊಣಕೈಯ ಕೆಳಗೆ ಹಲ್ಲೂರಿ ಜೋತಾಡುತ್ತಿತ್ತು. ಕೊಡವಿದರೂ ಬಿಡಲಿಲ್ಲ. ಆಂಜನೇಯ ಬರಿಗೈಯಲ್ಲೇ ಕಿತ್ತು ನೆಲಕ್ಕೆ ಒಗೆದು ಸಲಿಕೆಯಿಂದ ಬಡಿದ. ಪಕ್ಕದ ಹೊಲದವರು "ಕೊಳಕುಮಂಡಲ! ರಕ್ತಪಿಂಜರಿ! ಕೊಟ್ಟಂಡ್ರಾ, ಹೊಡೀರಿ!" ಎನ್ನುತ್ತಾ ಬಡಿಗೆ ಹಿಡಿದು ಬಂದರು. ತಲೆ ಚೂರಾಯಿತು. ಸತ್ತ ಮೇಲೂ ಹೊಡೆದರು. ಹೊಟ್ಟೆ ಒಡೆದು, ಕರುಳಿನ ಜೊತೆ ಮೇಣ ಬಳಿದ ಒಂದು ಗುಳಿಗೆ ಮತ್ತು ತೆಳ್ಳನೆಯ ತಂತಿ ಮಣ್ಣಿಗೆ ಬಿದ್ದವು.

ಆಂಜನೇಯ ತಂತಿಯನ್ನು ನೋಡಿದ. ಆಮೇಲೆ ಏದುಸಿರು ಬಿಡುತ್ತಾ ಬಂದು ನಿಂತಿದ್ದ ಹೇಮಾವತಿಯನ್ನು ನೋಡಿದ.

"ನಿನ್ನ ಹಾವು ಇದು! ನಿನ್ನ ಹಾವು!"

ಸಲಿಕೆಯ ಹಿಡಿ ಅವಳ ಎಡಗೈ ಮೇಲೆ ಬಿತ್ತು. ಎಲುಬು ಮುರಿದದ್ದು ಅವಳಿಗೇ ಕೇಳಿಸಿತು. ಯಾರೋ ಜಡೆ ಹಿಡಿದು ಕೆಡವಿದರು, ಯಾರೋ ಪಕ್ಕೆಗೆ ಒದ್ದರು. "ನಮ್ಮ ಹೊಲದಾಗ ಹಾವು ಸಾಕ್ತಾಳ್ರೀ ಈಕಿ!" ಗಲಾಟೆ ಕೇಳಿ ಬಂದ ಮರಿಬಸಪ್ಪ ಜನರನ್ನು ತಳ್ಳಿ ಸೊಸೆಗೆ ಅಡ್ಡ ನಿಂತ.

"ಹೇಮಾ, ಎಲ್ಲಾರ ಮುಂದ ಹೇಳು. ಅದು ಬಣವ್ಯಾಗ ಐತಂತ ನಿನಗ ಗೊತ್ತಿತ್ತೇನು?"

ಬಾಯೊಳಗೆ ಮಣ್ಣಿತ್ತು. ಸುತ್ತ ಬಡಿಗೆಗಳಿದ್ದವು. ಅವಳಿಗೆ ಬದುಕಬೇಕಾಗಿತ್ತು.

"ಇಲ್ಲ ಮಾಮಾ. ಗೊತ್ತಿರ್ಲಿಲ್ಲ."

"ಕೇಳಿದ್ರಲ್ಲ? ಮೊದ್ಲು ಜಯಕ್ಕನ್ನ ಜೀಪಿಗೆ ಹಾಕ್ರಿ!"

ಮರಿಬಸಪ್ಪ ಎಮ್ಮಿಗನೂರಿನ ಕಡೆ ಜೀಪು ಓಡಿಸಿದ. ಹಿಂದಿನ ಸೀಟಿನಲ್ಲಿ ಆಂಜನೇಯನ ತೊಡೆಯ ಮೇಲೆ ಜಯಕ್ಕ. ಕೈ ಊದಿ ಬಳೆಗಳು ಚರ್ಮದೊಳಗೆ ಹೂತುಹೋಗಿದ್ದವು. ಒಸಡಿನಿಂದ ರಕ್ತ ಇಳಿದು ಗಲ್ಲ, ಕುತ್ತಿಗೆ ತೊಯ್ದಿತ್ತು.

"ಸ್ವಾಮಾರ ಬ್ಯಾಡ ಅಂದ್ನೆಲ್ಲ," ಎಂದಳು ಆಕೆ ಗಂಡನಿಗೆ. "ಬಸವಣ್ಣ ಸುಮ್ನ ಬಿಡ್ತಾನೇನು?"

ಆಂಜನೇಯ ಟವೆಲಿನಿಂದ ಅವಳ ಗಲ್ಲ ಒರೆಸಿದ. ಮುಂದಿನ ಸೀಟಿನಲ್ಲಿ ಮುರಿದ ಕೈ ಹಿಡಿದುಕೊಂಡು ಕೂತಿದ್ದ ಹೇಮಾವತಿಗೆ ಒಂದು ಕ್ಷಣ ಹಾಯೆನಿಸಿತು. ಹೌದು, ಹಾಯೆನಿಸಿತು. ತಪ್ಪು ಬಸವಣ್ಣನ ಲೆಕ್ಕಕ್ಕೆ ಹೋಯಿತಲ್ಲ ಎಂದು.

ಆಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿದರು. ಔಷಧಿಯ ಸೀಸೆಗಳು ಒಂದರ ಹಿಂದೆ ಒಂದು ಖಾಲಿಯಾದವು. ಗಾಜಿನ ನಳಿಕೆಯಲ್ಲಿ ಜಯಕ್ಕನ ರಕ್ತ ಇಟ್ಟು, ಸ್ವಲ್ಪ ಹೊತ್ತು ಕಾದು, ಬಗ್ಗಿಸಿ ನೋಡಿದರು. ಹೆಪ್ಪುಗಟ್ಟಿರಲಿಲ್ಲ, ನೀರಿನ ಹಾಗೆ ಹರಿಯಿತು. ಮತ್ತೆ ಔಷಧಿ ಕೊಟ್ಟರು, ಮತ್ತೆ ನೋಡಿದರು, ಮತ್ತೆ ಹರಿಯಿತು. ಹೊತ್ತು ಇಳಿಯುವಾಗ ತಲೆಯೊಳಗೆ ರಕ್ತನಾಳ ಒಡೆದು, ಫಿಟ್ಸ್ ಬಂದು, ಜಯಕ್ಕ ಮಂಚ ಅಲುಗುವಂತೆ ಒದ್ದಾಡಿ ಸತ್ತಳು.

ಆಂಜನೇಯ ಹೊರಗೆ ಬಂದು ಆವರಣದ ಗೋಡೆಗೆ ಹಣೆ ಚಚ್ಚಿಕೊಳ್ಳತೊಡಗಿದ. "ನಾನೇ ಕೊಂದೆ! ನೇನೇ ಚಂಪಿನಾನು! ಬ್ಯಾಡ ಅಂದ್ಲು, ಎಳಕೊಂಡು ಹೋದೆ!" ಹಿಡಿಯಲು ಹೋದವರನ್ನು ಝಾಡಿಸಿ ಮತ್ತೆ ಚಚ್ಚಿಕೊಂಡ. ಹಣೆ ಸೀಳಿ, ಗೋಡೆಯ ಸುಣ್ಣ ಕೆಂಪಾಯಿತು.

ಹೇಮಾವತಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ಮರಿಬಸಪ್ಪ ಅವಳ ಕಿವಿಯ ಹತ್ತಿರ ಬಂದ.

"ಸುಮ್ನಿರು. ನಂಗೊತ್ತೈತಿ, ನೀ ಮುಂಜಾನಿ ಆ ಬಣವಿ ಮುಂದ ಬಾಳೊತ್ತು ನಿಂತಿದ್ದಿ. ಅವ ತನ್ನ ತಲಿ ಮ್ಯಾಲೆ ತಾನೇ ಹಾಕ್ಕೊಂಡಾನ. ಇನ್ನ ಯಾರೂ ನಿನ್ನ ಕೇಳಂಗಿಲ್ಲ. ನಡಿ ಮನಿಗೆ."

ಎಷ್ಟು ಸಲೀಸು! ಹೊಲದ ಒಡೆಯ, ಸ್ವಂತ ಸೋದರಮಾವ, ದಾರಿ ತೆರೆದು ಕೊಟ್ಟಿದ್ದಾನೆ. ಜೀಪು ಹತ್ತಿದರೆ ಮುಗಿಯಿತು. ಈ ಮನುಷ್ಯ ಇಂದಲ್ಲ ನಾಳೆ ತಲೆ ಒಡೆದುಕೊಂಡೋ ಬಾವಿಗೆ ಹಾರಿಯೋ ಸಾಯುತ್ತಾನೆ, ಅಷ್ಟೆ.

ಅವಳು ಮೆಟ್ಟಿಲಿಳಿದು ಆಂಜನೇಯನ ಹತ್ತಿರ ಹೋಗಿ ನಿಂತಳು.

"ಅಣ್ಣಾ, ನಿಂದಲ್ಲ ತಪ್ಪು. ಹಾವು ಬಣವ್ಯಾಗ ಐತಂತ ನಂಗ ಮುಂಜಾನೇ ಗೊತ್ತಿತ್ತು. ನಾ ಹೇಳ್ಲಿಲ್ಲ."

ಅವನು ತಿರುಗಿದ. ರಕ್ತ ಕಣ್ಣಿಗಿಳಿದಿತ್ತು, ಅಂಗೈಯಿಂದ ಒರೆಸಿಕೊಂಡು ಅವಳನ್ನು ನೋಡಿದ.

"ಯಾಕ?"

"ಹೇಳಿದ್ರ ಅದನ್ನ ಕೊಲ್ತಿದ್ರಿ."

"ಹಾವು ಉಳೀಲಂತನಾ?"

ಮುಂದೆ ಎಷ್ಟು ಜನರ ಜೀವ ಉಳಿಯುತ್ತಿತ್ತು, ಎಂಥ ಔಷಧಿಗೆ ದಾರಿಯಾಗುತ್ತಿತ್ತು ಎಂಬ ಮಾತೆಲ್ಲ ಅವಳ ನಾಲಗೆಯ ತುದಿಗೆ ಬಂತು. ಒಳಗೆ ಮಂಚದ ಮೇಲೆ ಜಯಕ್ಕನಿದ್ದಳು.

"ಹೌದು," ಎಂದಳು.

ಮೊದಲ ಏಟಿಗೆ ಅವಳ ತುಟಿ ಹರಿದು ಹಲ್ಲು ಕಿತ್ತುಬಂತು. ಮರಿಬಸಪ್ಪ ನುಗ್ಗಿ ಬಂದಾಗ ಅವಳು ಮುರಿಯದ ಕೈಯೆತ್ತಿ, "ಬಿಡು ಮಾಮಾ" ಎಂದಳು. ಆಂಜನೇಯ ಅವಳನ್ನು ಕೆಡವಿ, ಗುದ್ದಿ, ತುಳಿದ. ಜನ ಸೇರಿ ಎಳೆದು ಹಾಕುವ ತನಕ ಹೊಡೆದ. ಆಮೇಲೆ ನೆಲದ ಮೇಲೆ ಕುಸಿದು ಕೂತು ದೊಡ್ಡ ದನಿಯಲ್ಲಿ ಅತ್ತ. ಗೋಡೆಯ ಹತ್ತಿರ ಮಾತ್ರ ಮತ್ತೆ ಹೋಗಲಿಲ್ಲ.