ಅವ್ವನ ಕೆನ್ನೆಗೆ ಹತ್ತಿದ ಬಣ್ಣ

ಫ್ಲ್ಯಾಶ್ ಬೆಳಗಿದಾಗಲೆಲ್ಲ ಅವ್ವನ ಕೆನ್ನೆಯ ಮೇಲೆ ಅದೇ ಬಣ್ಣ, ಕಿತ್ತಳೆಯೂ ಅಲ್ಲ, ಕಂದೂ ಅಲ್ಲ, ದವಡೆಯಂಚಿನಲ್ಲಿ ಬೆರಳೆಳೆದ ಗೆರೆಯ ಸಮೇತ — ಹಾರೋಹಳ್ಳಿಯ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಈ ಬಣ್ಣಕ್ಕೆ ತಿರುಗಿದ, ಮುಖಕ್ಕೆ ಹಚ್ಚುವ ಸೀರಮ್ಮನ್ನು ಪ್ರತಿಮಾ ತಿರಸ್ಕರಿಸುತ್ತಾಳೆ, ವಿಟಮಿನ್ ಸಿ ಉತ್ಕರ್ಷಣಗೊಂಡಿದೆ, ಚರ್ಮಕ್ಕೆ ಯೋಗ್ಯವಲ್ಲ ಎಂದು ಸಹಿ ಹಾಕುತ್ತಾಳೆ, ಈಗ ಅದೇ ಬಣ್ಣ ಅವಳ ನಿಶ್ಚಿತಾರ್ಥದ ವೇದಿಕೆಯ ಮೇಲೆ ನಗುತ್ತ ನಿಂತಿದೆ. ಸೀರಮ್ಮಿನ ಬಾಟಲಿಯನ್ನು ಅವ್ವನಿಗೆ ಕೊಟ್ಟವಳು ತಾನೇ. ಹೆಣ್ಣು ನೋಡಲು ಬಂದ ದಿನ ಹುಡುಗ ನರೇಂದ್ರನ ತಾಯಿ ಮಮತಾ, ಕಾಫಿ ತಂದ ಅವ್ವನನ್ನು ಕಂಡು, ಅಯ್ಯೋ ಅಜ್ಜಿಗ್ಯಾಕೆ ತೊಂದ್ರೆ ಕೊಟ್ರಿ, ಹುಡುಗಿ ತಾಯಿ ಎಲ್ಲಿ ಅಂದಿದ್ದರು, ಎಲ್ಲರೂ ನಕ್ಕರು, ಅವ್ವನೂ ನಕ್ಕಳು, ಪ್ರತಿಮಾ — ಹೌದು, ಅವಳೂ ನಕ್ಕಿದ್ದಳು, ಹಿಪ್ಪುನೇರಳೆ ತೋಟದ ಬಿಸಿಲಿಗೆ ಸುಕ್ಕಾದ ಆ ಮುಖ ತನಗೆ ಸೇರಿದ್ದೇ ಅಲ್ಲವೆಂಬಂತೆ, ಮರುವಾರವೇ ಸೀರಮ್ ತಂದಳು, ದಿನಾ ಬೆಳಿಗ್ಗೆ ಹಚ್ಕೊ ಅವ್ವ, ಸುಕ್ಕು ಸಣ್ಣಗಾಯ್ತದೆ. ಅವ್ವ ಮೂಸಿ ನೋಡಿ, ವಾಸ್ನೆ ಐತೆ ಕಣವ್ವ, ಮನೆ ತುಂಬ ಹುಳ ಅವೆ, ನಾನು ಪೌಡ್ರೂ ಹಾಕಾಕಿಲ್ಲ, ಇದನ್ ಬಳ್ಕಂಡ್ ಹೋದ್ರೆ ಸೊಪ್ಪು ಮುಟ್ದಂಗೆ ಸತ್ತೋಯ್ತವೆ ಅಂದಳು — ರೇಷ್ಮೆಹುಳುವಿನ ಮನೆಯಲ್ಲೇ ಹುಟ್ಟಿದ ಪ್ರತಿಮಾಗೆ ಅದು ಗೊತ್ತಿರಲಿಲ್ಲವೇ, ಗೊತ್ತಿತ್ತು, ಆದರೂ ಬಿಸಿಲಿಗಿಡಬೇಡ, ಬಣ್ಣ ತಿರುಗಿದರೆ ಚೆಲ್ಲು ಎಂಬ ಮಾತನ್ನು, ಕೆಲಸಕ್ಕೆ ಹೊಸದಾಗಿ ಸೇರಿದ ಯಾರಿಗಾದರೂ ಮೊದಲು ಹೇಳುವ ಮಾತನ್ನು, ಅವ್ವನಿಗೆ ಹೇಳಲಿಲ್ಲ, ಅವಸರವಿತ್ತು, ಆ ಮುಖ ಬದಲಾಗಿಬಿಡಲಿ ಎಂಬ ಅವಸರ. ಅವ್ವ ಬಾಟಲಿಯನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟಳು, ಹುಳು ಹಣ್ಣಾಗಿ, ಬಿದಿರಿನ ಚಂದ್ರಿಕೆಯಲ್ಲಿ ಗೂಡು ಕಟ್ಟಿ, ಗೂಡು ರಾಮನಗರದ ಮಾರುಕಟ್ಟೆ ಸೇರುವವರೆಗೂ ಮುಟ್ಟಲಿಲ್ಲ, ನಿನ್ನೆ ಮುಚ್ಚಳ ತೆಗೆದಳು. ಬೆಳಿಗ್ಗೆ ಕನ್ನಡಿಯ ಮುಂದೆ ಎಷ್ಟು ಹಿಗ್ಗು, ಕಾಯ್ಸಿದ್ ಬೆಲ್ಲದಂಗೆ ಗಟ್ಟಿ ಬಣ್ಣ ಬಂದಿತ್ತು ಕಣೆ, ಸತ್ವ ಇಳ್ದೈತೆ ಅಂತ ಇಡೀ ಬಾಟ್ಲಿನೇ ಸುರ್ಕಂಡೆ, ಒಸಿ ಕೆಂಪಾಗಿವ್ನಿ ಅಲ್ವಾ. ಹೌದವ್ವ ಎಂದಳು, ಬೇರೇನು ಹೇಳಬಹುದಿತ್ತು, ಸೋಪಿಗೆ ಹೋಗದ ಬಣ್ಣ ಅದು. ಹುಡುಗಿ ತಾಯಿ ಇನ್ನೂ ಹತ್ರ ಬನ್ನಿ, ಫೋಟೋದವನ ಕೂಗು, ಮಮತಾ ಕತ್ತು ತಿರುಗಿಸಿ ನೋಡುತ್ತಿದ್ದಾರೆ, ಇದೇನ್ರೀ ಬೀಗಿತ್ತಿ, ಮುಖಕ್ಕೆ ಬಾಗಿಲಿನ ಬಣ್ಣ ಹೊಡೆಸ್ಕೊಂಡಿದ್ದೀರಾ, ನೆಂಟರ ಸಾಲಿನಲ್ಲಿ ಕಿಸಕ್ಕನೆ ನಗು — ಈಗಲಾದರೂ ಹೇಳಬೇಕು, ತಪ್ಪು ನನ್ನದು, ಕೊಟ್ಟವಳು ನಾನು, ನಗುವುದಾದರೆ ನನ್ನನ್ನು ನೋಡಿ ನಗಿ, ಮಾತು ನಾಲಿಗೆಯ ತುದಿಯವರೆಗೆ ಬಂದಿದೆ, ಬಾಯಿ ತೆರೆಯುತ್ತಾಳೆ, ಹೊರಬಿದ್ದದ್ದು ಮಾತ್ರ, ಅವ್ವ, ಸೆರಗು ಒಸಿ ಮುಂದಕ್ ಎಳ್ಕೊ. ಅವ್ವ ಮಗಳ ಮುಖವನ್ನೊಮ್ಮೆ ನೋಡಿದಳು, ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು, ಕೆನ್ನೆ ಹೋಯಿತು, ದವಡೆ ಹೋಯಿತು, ನಗು ಹೋಯಿತು, ಒಂದು ಕಣ್ಣಷ್ಟೇ ಉಳಿಯಿತು, ಸ್ಮೈಲ್ ಮೇಡಂ, ಪ್ರತಿಮಾ ನಗುತ್ತಾಳೆ, ಫ್ಲ್ಯಾಶ್, ಸೆರಗು, ಆ ಒಂದು ಕಣ್ಣು, ಇನ್ನೊಂದ್ಸಲ ಮೇಡಂ, ಸೆರಗು, ಆ ಒಂದು ಕಣ್ಣು, ಆ ಒಂದು ಕಣ್ಣು —